ನಾಲ್ಕು ಬೆರಳಿಗೆ ಮುಗಿದ ವ್ಯಾಪಾರ

ಆ ಒಂದು ದಿನದ ಓಟಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಬೂಟಿಗೆ ಮೂರು ಸಾವಿರದ ಆರುನೂರು (ಅಂಗಡಿಯವನು ಹೇಳಿದ್ದು ನಾಲ್ಕೂವರೆ), ಎರಡು ಕಾಲುಗುರು, ಒಂದು ದಿನ ಬಾಗಿಲು ಹಾಕಿದ ಅಂಗಡಿ, ಮೇಲೆ ನಲವತ್ತು ಸಾವಿರ ರೂಪಾಯಿ. ಆ ನಲವತ್ತು ಸಾವಿರವನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೇ ಕೊಟ್ಟೆ. ಹಗ್ಗದ ಇನ್ನೊಂದು ತುದಿ ಹಿಡಿದು ನನ್ನ ಜೊತೆ ಓಡುತ್ತಿದ್ದ ಹೆಣ್ಣುಮಗಳನ್ನು, ಒಂದು ಮಾತು ಕೇಳದೆ, ರಸ್ತೆಯ ಮೇಲೆ ನಿಂತು ಅಷ್ಟಕ್ಕೆ ಮಾರಿಬಿಟ್ಟಿದ್ದೆ. ಅದಕ್ಕೆ ಕೊಟ್ಟೆ. ಕೊಟ್ಟ ಮೇಲೂ ನನ್ನ ಮೇಲಿನ ಹೇಸಿಗೆ ಹೋಗಿಲ್ಲ.

ನಾನು ಬೈಲಹೊಂಗಲದಲ್ಲಿ ಹಿಂಡಿ, ಹತ್ತಿಕಾಳು ಮಾರುವವನು. ಅದಕ್ಕೂ ಮೊದಲು ಇಪ್ಪತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದ್ದೇನೆ. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಟಾವೆಲು ಮುಚ್ಚಿ, ಒಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಿರುವುದು ಇಬ್ಬರಿಗೇ. ನನ್ನ ಮನೆ, ಅಂಗಡಿ, ಮಗಳ ಮದುವೆ ಎಲ್ಲ ಆ ಟಾವೆಲಿನ ಕೆಳಗಿಂದಲೇ ಬಂದವು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ನಡೆಯಲು ಹೇಳಿದರು. ನಡೆಯುತ್ತ ನಡೆಯುತ್ತ ಓಡುವ ಚಟ ಹತ್ತಿತು.

ನಮ್ಮ ಭಾಗದಲ್ಲಿ ಒಂದು ಸಣ್ಣ ಸಂಸ್ಥೆ ಇದೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನು ದೂರದ ಹಾಸ್ಟೆಲ್ಲಿಗೆ ಅಟ್ಟದೆ, ಅವರ ಊರಿನ ಶಾಲೆಯಲ್ಲೇ ಎಲ್ಲರ ಜೊತೆ ಕೂರಿಸುವುದು ಅವರ ಕೆಲಸ. ಅದಕ್ಕೆ ಹಣ ಕೂಡಿಸಲು ಬೈಲಹೊಂಗಲದಿಂದ ಮುರಗೋಡದ ಮೇಲೆ ಹಾಯ್ದು ಮನೋಳಿಯವರೆಗೆ ಓಟ ಇಟ್ಟರು. ನಲವತ್ತು ಕಿಲೋಮೀಟರಿಗೂ ಮೇಲೆ. ಸಂಸ್ಥೆಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ತಾನೂ ಪೂರ್ತಿ ಓಡುತ್ತೇನೆಂದು ಹಟ ಹಿಡಿದಳು. ಕಟಕೋಳದವಳು, ಮೂವತ್ತರ ಆಸುಪಾಸು, ಹುಟ್ಟಿನಿಂದ ಕಣ್ಣಿಲ್ಲ. ಆಕೆಯ ಜೊತೆ ಓಡುವವರು ಬೇಕೆಂದಾಗ ನಾನು ಒಪ್ಪಿದೆ. ಮೊಳದುದ್ದದ ಹತ್ತಿ ಹಗ್ಗ, ಎರಡೂ ತುದಿಗೆ ಕುಣಿಕೆ. ಒಂದು ಆಕೆಯ ಮಣಿಕಟ್ಟಿಗೆ, ಒಂದು ನನ್ನದಕ್ಕೆ. ಮೂರು ತಿಂಗಳು ಮೈದಾನದಲ್ಲಿ ತಾಲೀಮು ಮಾಡಿದೆವು.

ಆಕೆಗೆ ಈ ಓಟ ಯಾಕೆ ಬೇಕಿತ್ತೆಂಬುದನ್ನು ಮೊದಲ ವಾರವೇ ಹೇಳಿದ್ದಳು. ಒಂದು ಊರಿನ ಶಾಲೆಯಲ್ಲಿ ಕಣ್ಣು ಕಾಣದ ಇಬ್ಬರು ಹುಡುಗಿಯರನ್ನು ಸೇರಿಸಿದ್ದಳು. ಆಟದ ಅವಧಿ ಬಂದರೆ ಹೆಡ್‌ಮಾಸ್ತರರು ಅವರಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸುತ್ತಿದ್ದರು.

“ಬಿದ್ದರ ಜವಾಬ್ದಾರಿ ಯಾರು ಅಂತಾರ್ರೀ,” ಎಂದಳು. “ನಾ ಅಂದ್ನಿ, ಸರ್, ನಾ ಬೈಲಹೊಂಗಲದಿಂದ ಓಡಿ ಬರತೇನಿ, ಬೀಳಲಿಲ್ಲಂದ್ರ ಹುಡುಗ್ಯಾರನ್ನ ಆಡಾಕ ಬಿಡ್ತೀರೇನು? ನಕ್ಕರು. ಓಡಿ ಬಾರವಾ ನೋಡೂಣು ಅಂದರು.”

“ಅವರು ಮನೋಳಿಗೆ ಬರತಾರೇನು?”

“ಬರತಾರ್ರೀ. ಊಟ ಐತೆಲ್ಲ.”

ಓಟದ ದಿನ ಬೆಳಗಿನ ಐದಕ್ಕೆ ಬಿಟ್ಟೆವು. ವಾಹನ ಎದುರಿಗೆ ಕಾಣಲೆಂದು ರಸ್ತೆಯ ಬಲಗಡೆ ಓಡುತ್ತಿದ್ದೆವು. ಆಕೆ ಹೊಲದ ಬದಿಗೆ, ನಾನು ಡಾಂಬರಿನ ಬದಿಗೆ. ಹಾಗಾಗಿ ಹಗ್ಗ ನನ್ನ ಬಲಗೈಯಲ್ಲಿತ್ತು.

ಮುರಗೋಡ ಮುಟ್ಟುವ ಹೊತ್ತಿಗೇ ನನಗೆ ಸಾಕಾಗಿತ್ತು. ಕಾಲು ಸೋತು ಅಲ್ಲ, ಜನರನ್ನು ನೋಡಿ. ಪ್ರತಿ ನಿಲುಗಡೆಯಲ್ಲೂ ಆಕೆಯ ತಲೆ ಸವರಲು ಸಾಲು. ಒಬ್ಬ ಕೇಳದೆಯೇ ಬಾಳೆಹಣ್ಣು ಸುಲಿದು ಆಕೆಯ ಬಾಯಿಗೆ ತುರುಕಿದ. ಅವನ ಉಗುರಲ್ಲಿ ಸುಣ್ಣ, ಅಂಗೈಯಲ್ಲಿ ತಂಬಾಕಿನ ನಾತ. ಮತ್ತೊಬ್ಬಾತ ಆಕೆಯ ಮುಷ್ಟಿಯಲ್ಲಿ ಎರಡು ರೂಪಾಯಿ ಇಟ್ಟು ಕೈ ಮುಗಿದ, ಗುಡಿಯ ಹುಂಡಿಗೆ ಹಾಕಿದಂತೆ. ಮೊಬೈಲು ಹಿಡಿದವರಂತೂ “ಆಕಿನ್ನ ಸ್ವಲ್ಪ ಈ ಕಡೆ ತಿರುಗಿಸ್ರಿ” ಎಂದು ನನಗೆ ಹೇಳುತ್ತಿದ್ದರು. ಆಕೆಗಲ್ಲ, ನನಗೆ.

ಕಟ್ಟೆಯ ಮೇಲಿನ ಮುದುಕನೊಬ್ಬ ಕೂಗಿದ, “ಏನ್ರೀ ಸಾವಕಾರ್ರ, ದಲಾಲಿ ಬಿಟ್ಟೇನಿ ಅಂದಿದ್ರಿ, ಮತ್ತ ಹಗ್ಗಾ ಹಿಡದ ಹೊಂಟೀರಿ?”

ಆಕೆಯೇ ಉತ್ತರ ಕೊಟ್ಟಳು. “ಹಗ್ಗಾ ನಾ ಹಿಡದೇನ್ರೀ ಯಜ್ಜಾ. ಇವರು ಮಾರಾಕ ಅದಾರ. ಹಲ್ಲ ನೋಡತೀರೇನು?”

ಕಟ್ಟೆ ತುಂಬ ನಗು. ನಾನೂ ನಕ್ಕೆ.

ಮುರಗೋಡ ದಾಟಿ ಸ್ವಲ್ಪ ದೂರಕ್ಕೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನು ಮನೋಳಿಯ ಸತ್ಕಾರ ಸಮಿತಿಯ ಅಧ್ಯಕ್ಷ. ಈಗ ದೊಡ್ಡ ಗುತ್ತಿಗೆದಾರ. ಹಿಂದೆ ನನ್ನ ಜೊತೆಗೇ ಸಂತೆಯಲ್ಲಿ ಎತ್ತು ಮಾರಿದವನು. ಅತ್ತರಿನ ವಾಸನೆ ಹತ್ತು ಮಾರು ಬರುತ್ತಿತ್ತು.

“ಚೀಫ್ ಗೆಸ್ಟ್ ಹನ್ನೊಂದಕ್ಕ ಹೊಂಡತಾರಂತ,” ಎಂದ. “ಇಕಿ ಹಿಂಗ ಬಂದ್ರ ಒಂದ ಹೊಡೀತೈತಿ. ಕಾರಿನ್ಯಾಗ ಕುಂದರಸು. ಮನೋಳಿ ಹತ್ರ ಇಳಸ್ತೇನಿ, ಸ್ಟೇಜ್ ತನಕಾ ಓಡಲಿ. ಫೋಟೋ ಆದ್ರ ಮುಗೀತು.”

ನಾನು ಸುಮ್ಮನೆ ನಿಂತೆ. ಸುಮ್ಮನೆ ನಿಲ್ಲುವುದು ನಮ್ಮಲ್ಲಿ ‘ಬೇಡ’ ಎಂದಲ್ಲ, ‘ಎಷ್ಟು’ ಎಂದು. ಅವನಿಗದು ಗೊತ್ತು. ಹೆಗಲ ಮೇಲಿನ ಟಾವೆಲು ತೆಗೆದು ಕೈ ಚಾಚಿದ. “ಬಟ್ಟಿಗೆ ಹತ್ತು ಸಾವಿರ, ನಿಮ್ಮ ಸಂಸ್ಥಾಕ್ಕ,” ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ. ಬಟ್ಟೆಂದರೆ ನಮ್ಮಲ್ಲಿ ಬೆರಳು.

ಎಡಗೈಯಲ್ಲಿ ವ್ಯಾಪಾರ ಮಾಡುವ ಪದ್ಧತಿಯಿಲ್ಲ. ಹಗ್ಗ ಕಟ್ಟಿದ ಬಲಗೈಯನ್ನೇ ಕೊಟ್ಟೆ. ನಾನು ಹಗ್ಗವನ್ನು ಮರೆತಿರಲಿಲ್ಲ. ಆಕೆಗೆ ತಿಳಿಯಲಾರದೆಂದು ತಿಳಿದುಕೊಂಡಿದ್ದೆ. ಟಾವೆಲು ಮುಚ್ಚಿರುವಾಗ ಕಣ್ಣಿದ್ದವರಿಗೇ ತಿಳಿಯುವುದಿಲ್ಲ, ಈಕೆಗೇನು ಎಂಬ ಸೊಕ್ಕು. ಎರಡು ಬೆರಳಿಂದ ಶುರುವಾಗಿ ನಾಲ್ಕಕ್ಕೆ ಕುದುರಿತು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟರೆ ಬರೆದೂ ಉಪಯೋಗವಿಲ್ಲ: ನಿಜವಾಗಿ ಖುಷಿಯಾಯಿತು.

“ವ್ಯಾಪಾರ ಮುಗೀತೇನ್ರೀ ಸಾವಕಾರ್ರ?” ಎಂದಳು ಆಕೆ.

“ಎಲ್ಲಿ ವ್ಯಾಪಾರ ತಂಗಿ? ಹಳೇ ದೋಸ್ತ, ಕೈ ಕೊಟ್ಟಾ.”

“ಎರಡಕ್ಕ ಕೈ ಜಗ್ಗಿದ್ರಿ. ಮೂರಕ್ಕ ಸುಮ್ನಾದ್ರಿ. ಆಮ್ಯಾಲ ನೀವು ಅಂಗೈ ಪೂರ್ತಿ ಹಿಡದ್ರಿ, ಅವರು ಒಂದ ಬಿಡಿಸಿದ್ರು. ನಾಲ್ಕು.” ಉಸಿರು ಒಂಚೂರೂ ಏರಿರಲಿಲ್ಲ. “ನಮ್ಮಪ್ಪ ಸಂತಿಯಿಂದ ಬಂದ ಕೂಡಲೆ ನನ್ನ ಬಟ್ಟ ಹಿಡದ, ಎತ್ತು ಹೆಂಗ ಮಾರಿದ್ನಿ ಅಂತ ತೋರಸ್ತಿದ್ದಾ. ಮೂರ ತಿಂಗಳಾತು ಈ ಹಗ್ಗದಾಗ ನಿಮ್ಮ ಕೈ ಓದಾಕ ಹತ್ತೇನಿ. ಟಾವೆಲ್ ನನಗ ಯಾಕ ಮುಚ್ಚತೀರಿ?”

ಗುತ್ತಿಗೆದಾರ ಬಾಯಿ ತೆರೆದ. “ಯವ್ವಾ, ರೊಕ್ಕಾ ನಿಮ್ಮ ಮಕ್ಕಳಿಗೇ—”

“ಮಾಲ ನಂದ್ರೀ. ಮಾತ ನನ್ನ ಕೂಡ ಆಡಬೇಕಿತ್ತು.”

ತನ್ನ ಕುಣಿಕೆ ಬಿಚ್ಚಿದಳು. ಹಗ್ಗ ನನ್ನ ಮಣಿಕಟ್ಟಿನಿಂದ ಜೋತುಬಿತ್ತು. ಅದನ್ನೂ ಕೇಳಿ ತೆಗೆದುಕೊಂಡಳು. ಹಿಂದಿನಿಂದ ಬರುತ್ತಿದ್ದ ಓಟಗಾರ್ತಿ, ರಾಮದುರ್ಗದ ನರ್ಸ್ ಒಬ್ಬಳನ್ನು, ಹೆಜ್ಜೆಯ ಸಪ್ಪಳದ ಮೇಲೇ ಗುರುತಿಸಿ ಕರೆದಳು. ಎರಡು ಮಾತಿನಲ್ಲಿ ನರ್ಸ್ ಹಗ್ಗದ ತುದಿ ಹಾಕಿಕೊಂಡಳು. ಇಬ್ಬರೂ ಹೊರಟರು.

“ಕೈ ಕೊಟ್ಟ ಮ್ಯಾಲ ಮುರದಿಯಲ್ಲೋ,” ಎಂದು ಗುತ್ತಿಗೆದಾರ ನನಗೆ ಉಗಿದ. “ರೊಕ್ಕದ ಮಾತ ಇನ್ನ ಎತ್ತಬ್ಯಾಡ. ನೀನರ ಹತ್ತು, ಅಲ್ಲಿ ಜನಾ ಕಾಯಾಕ ಹತ್ತ್ಯಾರ.”

ಕಾರು ಹತ್ತಿದೆ. ಹೆಡ್‌ಮಾಸ್ತರರು ಎದ್ದು ಹೋಗದಂತೆ ತಡೆಯುತ್ತೇನೆಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಎ.ಸಿ. ತಂಪಿತ್ತು ಎಂಬುದೂ ಅಷ್ಟೇ ನಿಜ. ಅವರಿಬ್ಬರನ್ನು ದಾಟುವಾಗ ಗಾಜಿನಿಂದ ಮುಖ ಈಚೆ ತಿರುಗಿಸಿದೆ, ಕಾಣದವಳಿಗೆ ಕಾಣಬಾರದೆಂಬಂತೆ.

ಮನೋಳಿಯ ವೇದಿಕೆಯಲ್ಲಿ ಬ್ಯಾನರಿನ ತುಂಬ ಆಕೆಯ ಫೋಟೋ. ಆಕೆ ಎಂದೂ ಹಾಕದ ಕಪ್ಪು ಕನ್ನಡಕವನ್ನು ಅದರಲ್ಲಿ ಕೂಡಿಸಿದ್ದರು. ಗೆಸ್ಟಿಗೆ ಅವಸರವಿತ್ತು. ಆಕೆಯಿಲ್ಲದಿದ್ದರೆ ಜೊತೆ ಓಡಿದವನಾದರೂ ಬೇಕಲ್ಲ, ನನ್ನನ್ನೇ ಎಳೆದು ಕೂರಿಸಿದರು. ಜರಿಯ ಶಾಲು, ಮೈಸೂರು ಪೇಟ, ಹಾರ. ಮೈಕಿನವನು ನನ್ನನ್ನು ‘ಅಂಧರ ಬಾಳಿನ ದೀಪ’ ಎಂದ. ಹಾರದ ಹೂವು ನಿನ್ನೆಯದು, ಕೊಳೆತ ನಾತ ಮೂಗಿಗೆ ಬಡಿಯುತ್ತಿತ್ತು. ಅರ್ಧ ಹಾದಿ ಕಾರಿನಲ್ಲಿ ಬಂದವನೆಂದು ಹೇಳುವ ಬದಲು ಪೇಟ ಸರಿಮಾಡಿಕೊಂಡೆ. ಗೆಸ್ಟು ಹೋದರು. ಜನ ಊಟದ ಕಡೆಗೆ ನುಗ್ಗಿದರು.

ಹೆಡ್‌ಮಾಸ್ತರರನ್ನು ಹಿಡಿದು ನಿಲ್ಲಿಸಿದ್ದು ನನ್ನ ಮಾತಲ್ಲ, ಜಿಲೇಬಿ. ಒಂದೂವರೆಗೆ ಇಬ್ಬರು ಹೆಂಗಸರು ಓಡುತ್ತ ಮೈದಾನಕ್ಕೆ ಬಂದಾಗ ಅವರು ಕೈ ತೊಳೆಯುತ್ತಿದ್ದರು. ಶಾಮಿಯಾನದವರು ಕಂಬ ಕೀಳುತ್ತಿದ್ದರು. ಚಪ್ಪಾಳೆ ತಟ್ಟಿದವರು ಅಡುಗೆಯವರು ಮಾತ್ರ.

“ಓಡಿ ಬಂದಿ ಬಿಡವಾ,” ಎಂದರು ಹೆಡ್‌ಮಾಸ್ತರರು, ಹಲ್ಲಿಗೆ ಕಡ್ಡಿ ಹಾಕುತ್ತ. “ಆದ್ರ ಆ ಬಾಯಾರು ಹಿಡಕೊಂಡ ಬಂದ್ರಲ್ಲ. ಸಾಲ್ಯಾಗ ಹಿಡಕೊಳ್ಳಾವ್ರು ಯಾರು?”

ಆಕೆ ನರ್ಸಿನ ಕೈಯಿಂದ ಕುಣಿಕೆ ತೆಗೆಸಿ ಅವರತ್ತ ಚಾಚಿದಳು. “ನೀವ ಹಿಡೀರಿ ಸರ್. ಒಂದ ಸುತ್ತ.”

ಅಡುಗೆಯವರು ಸೌಟು ಹಿಡಿದೇ ನೋಡುತ್ತಿದ್ದರು. ಬೇಡವೆನ್ನಲು ಅವರಿಗೆ ದಾರಿ ಉಳಿಯಲಿಲ್ಲ. ಪ್ಯಾಂಟು ಎತ್ತಿ ಓಡಿದರು. ಅರ್ಧ ಸುತ್ತಿಗೇ ಏದುಸಿರು. ಉಳಿದರ್ಧ ಆಕೆಯೇ ಅವರನ್ನು ಎಳೆದು ತಂದಳು. ಹೊರಟು ಹೋಗುವ ಮುನ್ನ, “ಸೋಮವಾರದಿಂದ ಬಿಡ್ತೇನಿ ಬಿಡವಾ. ಯಾರರ ಒಬ್ಬರು ಹಿಡೀತಾರ,” ಎಂದರು.

ನಾನು ಶಾಲು ಹೊದ್ದು, ತಾಟು ಹಿಡಿದು ಅಲ್ಲೇ ನಿಂತಿದ್ದೆ. ಆಕೆ ನನ್ನ ಪಕ್ಕದಲ್ಲೇ ನೀರು ಕುಡಿದಳು. ನಾನಿರುವುದು ಆಕೆಗೆ ಗೊತ್ತಿತ್ತು. ಲೋಟ ಇಟ್ಟು ನರ್ಸಿನ ಜೊತೆ ಊಟಕ್ಕೆ ಹೋದಳು. ಮರುದಿನ ನಲವತ್ತು ಸಾವಿರ ಸಂಸ್ಥೆಗೆ ಕೊಟ್ಟೆ. ರಸೀದಿ ಬಂತು, ಆಕೆಯ ಫೋನು ಬರಲಿಲ್ಲ. ಈಗಲೂ ವಾರಕ್ಕೆರಡು ದಿನ ನಮ್ಮ ಮೈದಾನದಲ್ಲೇ ಓಡುತ್ತಾಳೆ, ಬೇರೆಯವರ ಜೊತೆ.

ಇಂಥ ಓಟಕ್ಕೆ ನೀವು ಹೋಗುವವರಿದ್ದರೆ ಕೇಳಿ. ಬೂಟು ಒಂದು ನಂಬರು ದೊಡ್ಡದು ಕೊಳ್ಳಿ, ಸಂಜೆ ಕೊಳ್ಳಿ, ಕಾಲು ಆಗ ಉಬ್ಬಿರುತ್ತದೆ. ಸಂಘಟಕರ ಕೈಯಲ್ಲಿ ಮೊದಲೇ ಬರೆಸಿಕೊಳ್ಳಿ: ಕೊನೆಯ ಓಟಗಾರ ಮುಟ್ಟುವವರೆಗೆ ಮೈಕೂ ಇಲ್ಲ, ಶಾಲೂ ಇಲ್ಲ. ಗೆಸ್ಟಿಗೆ ಎರಡು ತಾಸು ತಡವಾದ ವೇಳೆ ಹೇಳಿ. ಶಾಲಿನ ದುಡ್ಡಿನಲ್ಲಿ ನೀರಿನ ಕ್ಯಾನು ತರಿಸಿ. ದಾರಿಯಲ್ಲಿ ಯಾರಾದರೂ ನಿಮ್ಮ ಜೊತೆಗಾರರ ವಿಷಯ ನಿಮ್ಮನ್ನು ಕೇಳಿದರೆ, “ಅವರನ್ನೇ ಕೇಳ್ರಿ” ಎಂದು ಮುಂದೆ ಹೋಗಿ. ನಿಂತರೆ ವ್ಯಾಪಾರ ಶುರುವಾಗುತ್ತದೆ. ಹಗ್ಗ ಹಿಡಿಯುವವರು ಇಬ್ಬರಿರಲಿ, ಇಬ್ಬರಿಗೂ ತಾಲೀಮು ಇರಲಿ. ಒಬ್ಬನು ನನ್ನಂಥವನಾದರೆ ಇನ್ನೊಬ್ಬರು ಬೇಕಾಗುತ್ತಾರೆ.