ಮೇಲಿನ ಖೋಲಿಯ ಅಂಜಿಕೆ

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಪಡಸಾಲೆಯಿಂದ ಮಹಡಿಗೆ ಹೋಗುವ ಬಾಗಿಲಿಗೆ ಎರಡು ಚಿಲಕಗಳಿದ್ದವು, ಈಚೆಗೊಂದು, ಆಚೆಗೊಂದು. ದೀಪ ಹಚ್ಚುವ ಹೊತ್ತಿಗೆ ನಮ್ಮ ಅತ್ತೆ ಈಚೆಯ ಚಿಲಕವನ್ನು ಕಟಕ್ಕನೆ ಸರಿಸುತ್ತಿದ್ದರು. ತುಸು ಹೊತ್ತಿಗೆ ಆಚೆಯಿಂದಲೂ ಅಂಥದೇ ಸದ್ದು ಕೇಳುತ್ತಿತ್ತು. ಬಹಳ ದಿನ ನಾನದನ್ನು ಮೆಟ್ಟಿಲುಗಳ ಟೊಳ್ಳಿನಲ್ಲಿ ಮೂಡಿದ ಮಾರ್ದನಿಯೆಂದೇ ತಿಳಿದಿದ್ದೆ. ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಹುಡುಗನೂ ನಮಗೆ ಅಂಜಿ ಬಾಗಿಲು ಹಾಕಿಕೊಳ್ಳುತ್ತಿದ್ದಾನೆ ಎಂದು ತಿಳಿದ ದಿನ ನನಗೆ ನಗು ಬರಲಿಲ್ಲ. ನನ್ನದೇ ಅಂಜಿಕೆ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು.

ಎಂಬತ್ತರ ದಶಕದ ನಡುವಿನ ಮಾತಿದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಗಂಡ ಅಥಣಿಯ ಬ್ಯಾಂಕೊಂದರಲ್ಲಿದ್ದು, ಬಿಡುವಾದ ವಾರ ಮಾತ್ರ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ಅತ್ತೆ, ನಾನು, ಇನ್ನೂ ಶಾಲೆ ಕಾಣದ ಮಗಳು ವೀಣಾ. ಖಾಲಿ ಬಿದ್ದಿದ್ದ ಮೇಲಿನ ಖೋಲಿಗೆ ಹಿತ್ತಲಿನಿಂದ ಬೇರೆ ದಾರಿಯಿತ್ತಾದ್ದರಿಂದ ಹೊಸ ಫಾರ್ಮಸಿ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ಅದನ್ನು ಬಾಡಿಗೆಗೆ ಕೊಟ್ಟರು ಗಂಡ. ಅವನು ಕೀನ್ಯಾ ದೇಶದವನೆಂಬುದು ಅತ್ತೆಗೆ ತಿಳಿದದ್ದು ಅವನು ಟ್ರಂಕು ಹೊತ್ತು ಅಂಗಳಕ್ಕೆ ಕಾಲಿಟ್ಟಾಗಲೇ.

ಹೆಸರು ಸ್ಯಾಮುವೆಲ್. ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯಬೇಕಾದಷ್ಟು ಎತ್ತರ, ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲುದನಿ. ಅವನ ದೇಶದಲ್ಲಿ ಕಾಲೇಜುಗಳೇ ಕಡಿಮೆ. ಇಂಗ್ಲೆಂಡು ಅವನ ತಂದೆಯ ಕೈಗೆಟುಕುವ ಮಾತಾಗಿರಲಿಲ್ಲ. ಅವರೂರಿನ ಗುಜರಾತಿ ಅಂಗಡಿಕಾರರೊಬ್ಬರು ಹಿಂದುಸ್ತಾನದಲ್ಲಿ ಕಡಿಮೆ ಖರ್ಚಿನಲ್ಲಿ ಓದು ಮುಗಿಯುತ್ತದೆ ಎಂದರಂತೆ. ಪುಣೆಯಲ್ಲಿ ಸೀಟು ಸಿಗಲಿಲ್ಲ. ಪುಣೆಯವರು ಕೊಲ್ಲಾಪುರ ನೋಡೆಂದರು, ಕೊಲ್ಲಾಪುರದವರು ಗಡಿ ದಾಟಿಸಿ ನಮ್ಮೂರ ದಾರಿ ತೋರಿಸಿದರು. ತಾನಿರುವ ಜಾಗವನ್ನು ಮನೆಯವರಿಗೆ ತಿಳಿಸೋಣವೆಂದು ನಕಾಶೆ ಬಿಡಿಸಿದರೆ ಅದರಲ್ಲಿ ಚಿಕ್ಕೋಡಿಯೇ ಇರಲಿಲ್ಲವಂತೆ. “ನಕಾಶೆಯಲ್ಲಿ ಇಲ್ಲದ ಊರಲ್ಲಿ ಕಳೆದುಹೋದರೆ ಯಾರು ಹುಡುಕುತ್ತಾರೆ, ಮೇಡಂ?” ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕ. ತುಟಿ ನಕ್ಕಿತ್ತು, ಕಣ್ಣು ನಕ್ಕಿರಲಿಲ್ಲ.

ಸ್ಯಾಮುವೆಲ್ ಎಂಬುದು ಅತ್ತೆಯ ನಾಲಿಗೆಗೆ ಹೊರಳದೆ ಶ್ಯಾಮು ಆಯಿತು. ದೇವರ ಹೆಸರು ಸಿಕ್ಕಿತು ಹುಡುಗನಿಗೆ, ಆದರೆ ದೇವರ ಮನೆಯ ನಂಬಿಕೆ ಸಿಗಲಿಲ್ಲ. ವೀಣಾ ಹಿತ್ತಲಿಗೆ ಹೋದರೆ ಅತ್ತೆ ಹಿಂದೆಯೇ ಓಡುತ್ತಿದ್ದರು. “ಛಲೋ ಹುಡಗನ ಇರಬಹುದ ಯವ್ವಾ. ಆದ್ರ ಅಂವ ಏನ್ ವಿಚಾರ ಮಾಡಾಕತ್ತಾನ ಅಂತ ನಮಗೇನ ತಿಳೀತೈತಿ?” ಎನ್ನುತ್ತಿದ್ದರು. ನಾನು ಓದಿದವಳು, ಅವರಿಗೆ ಬುದ್ಧಿ ಹೇಳುತ್ತಿದ್ದೆ. ಹೇಳುತ್ತಲೇ ವೀಣಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಆ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ಸುದ್ದಿಯೊಂದು ನಮ್ಮ ಸೀಮೆಗೆ ಬಂತು. ನಿಪ್ಪಾಣಿಯಿಂದ ಬಂದ ಬಸ್ಸಿನಲ್ಲಿ ಇಳಿಯಿತೋ, ರಾಯಬಾಗದ ಸಂತೆಯಲ್ಲಿ ಹುಟ್ಟಿತೋ, ಯಾರಿಗೂ ತಿಳಿಯದು. ಮಕ್ಕಳನ್ನು ಕದಿಯುವ ಟೋಳಿಯೊಂದು ತಿರುಗುತ್ತಿದೆ, ಪೆಪ್ಪರಮಿಂಟು ಕೊಟ್ಟು ಮೂರ್ಛೆ ಬೀಳಿಸುತ್ತದೆ, ಎಂದು. ಯಾವ ಊರಲ್ಲೂ ಯಾವ ಮಗುವೂ ಕಾಣೆಯಾಗಿರಲಿಲ್ಲ. ಆದರೆ ಪ್ರತಿ ಊರಿನವರೂ ಪಕ್ಕದ ಊರಲ್ಲಿ ಆಗಿದೆ ಎನ್ನುತ್ತಿದ್ದರು. ಶಾಲೆ ಬಿಡುವ ಮೊದಲೇ ತಾಯಂದಿರು ಗೇಟಿನ ಬಳಿ ಗುಂಪುಗೂಡುತ್ತಿದ್ದರು. ಪ್ಲೇಗು ಇಲಿಯನ್ನು ಏರಿ ಬರುತ್ತದಂತೆ. ಅಂಜಿಕೆ ಮಾತನ್ನು ಏರಿ ಬರುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಕರೋಶಿಯ ಟೆಂಪೊ ಡ್ರೈವರನೊಬ್ಬ ನಮ್ಮ ಅಂಗಳಕ್ಕೇ ಗಾಡಿ ನುಗ್ಗಿಸಿದ. “ಬಾಯಾರ, ನಿಮ್ಮ ಮ್ಯಾಲಿನ ಖೋಲಿ ಹುಡಗನ್ನ ನಮ್ಮೂರಾಗ ಕಟ್ಟಿ ಹಾಕ್ಯಾರ್ರೀ. ಪೋಲೀಸರಿಗೆ ಹೇಳಾಕ ಮಂದಿ ಹೋಗ್ಯಾರ. ಅವರ ಬರೂದರಾಗ ಏನ್ ಆಕ್ಕೈತೋ ಗೊತ್ತಿಲ್ಲ, ಲಗೂ ಬರ್ರಿ!”

ಸ್ಯಾಮುವೆಲ್‌ನ ಮನೆತನ ದನ ಸಾಕುವವರದು. ರಜೆಯ ದಿನ ಸೈಕಲ್ ಏರಿ ಹಳ್ಳಿಗಳ ಕಡೆ ಹೋಗಿ, ಮೇಯುವ ದನಗಳನ್ನು ನೋಡುತ್ತ ನಿಂತು ಬರುವುದು ಅವನ ರೂಢಿ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅತ್ತೆ ಟೆಂಪೊ ಹತ್ತಿ ಕೂತಿದ್ದರು, ತೊಡೆಯ ಮೇಲೆ ವೀಣಾ.

“ಕೂಸನ್ನ ಯಾಕ ಕರಕೊಂಡ್ರಿ ಅತ್ತಿ? ಬಾಜೂ ಮನ್ಯಾಗ ಬಿಡೂಣು.”

“ಬಾಯಿ ಮುಚಗೊಂಡ ಹತ್ತ ನೀ,” ಎಂದರು.

ದಾರಿಯ ಎರಡೂ ಬದಿಗೆ ಆಳೆತ್ತರದ ಕಬ್ಬು. ಅವನಿಗೆ ಏನಾದರೂ ಆಗಿಬಿಟ್ಟರೆ ನಾನು ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು? ಅದೇ ಯೋಚನೆ ಎದೆಯಲ್ಲಿ ಗಾಣದ ಹಾಗೆ ತಿರುಗುತ್ತಿತ್ತು.

ಊರ ಮುಂದಿನ ಬೇವಿನ ಮರಕ್ಕೆ ಅವನನ್ನು ಕಟ್ಟಿದ್ದರು. ಅಂಗಿ ಹರಿದಿತ್ತು, ತುಟಿ ಒಡೆದಿತ್ತು. “ಟ್ರ್ಯಾಕ್ಟರ್, ಟ್ರ್ಯಾಕ್ಟರ್” ಎಂದು ಒಂದೇ ಸಮನೆ ಒದರುತ್ತಿದ್ದ. ನನ್ನನ್ನು ಕಂಡವನೇ ಇಂಗ್ಲಿಷಿನಲ್ಲಿ ಹೇಳಿದ: ಕಬ್ಬು ತುಂಬಿದ ಟ್ರ್ಯಾಕ್ಟರ್ ಮೈಮೇಲೆ ಬರುವಂತಿತ್ತು, ದಾರಿಯಲ್ಲಿ ನಿಂತ ಮಗುವನ್ನು ಕೈ ಹಿಡಿದು ಎಳೆದೆ, ಅಷ್ಟೆ. ಅವನ ಭಾಷೆಯಿಂದ ಊರವರಿಗೆ ಅರ್ಥವಾದದ್ದು ಆ ಒಂದೇ ಶಬ್ದ. ಅದನ್ನು ಕೇಳಿ, ಟೋಳಿಯ ಟ್ರ್ಯಾಕ್ಟರು ಹಿಂದೆಯೇ ಬರುತ್ತಿದೆ, ಮಕ್ಕಳನ್ನು ಅದರಲ್ಲಿ ತುಂಬಿ ಒಯ್ಯುತ್ತಾರೆ ಎಂದುಕೊಂಡು ಅವರು ಬಡಿಗೆ ಹಿಡಿದು ನಿಂತಿದ್ದರು. ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಯಾರೂ ನಂಬಲಿಲ್ಲ. ಟ್ರ್ಯಾಕ್ಟರು ಆಗಲೇ ಮುಂದೆ ಹೋಗಿಯಾಗಿತ್ತು.

ಮಗುವಿನ ತಾಯಿ ಎದುರಿಗೇ ಇದ್ದಳು. ಮಗು ಬಿಕ್ಕುತ್ತಿತ್ತು, ಒಂದು ಮಾತೂ ಆಡುತ್ತಿರಲಿಲ್ಲ. “ನನ್ನ ಕೂಸಿನ ಕೈ ಹಿಡದಿದ್ದನ್ರೀ ಬಾಯಾರ. ನಾ ಏನಂತ ತಿಳಕೋಬೇಕ್ರಿ?” ಎಂದಳು. ಆಕೆಯ ಮುಖದಲ್ಲಿ ಕ್ರೌರ್ಯವನ್ನು ಹುಡುಕಿದೆ. ಕಂಡದ್ದು ನನ್ನದೇ ಮುಖ.

ಆಗ ಅತ್ತೆ ಜನರನ್ನು ಸರಿಸಿಕೊಂಡು ಮರದ ಬುಡಕ್ಕೆ ಹೋದರು. “ಇಂವ ನಮ್ಮ ಮನ್ಯಾಗ ಇರ್ತಾನ,” ಎಂದರು.

“ನಿಮ್ಮ ಹೊಟ್ಟ್ಯಾಗ ಹುಟ್ಯಾನೇನ ಆಯಿ? ಇಂವನ ಗುಣ ನಿಮಗೇನ ಗೊತ್ತು?” ಎಂದನೊಬ್ಬ.

“ಹುಟ್ಟಿಲ್ಲೋ ಯಪ್ಪಾ. ಗೊತ್ತೂ ಇಲ್ಲ. ನಾನೂ ಅಂಜತೀನಿ ಇಂವಗ, ಸುಳ್ಳ ಯಾಕ ಹೇಳ್ಲಿ. ಆದ್ರ ಇಂವ ನಮ್ಮೆಲ್ಲಾರಕಿಂತ ಹೆಚ್ಚ ಅಂಜ್ಯಾನ, ಇಂವನ ಮಾರೀ ನೋಡ್ರಿ.” ಅತ್ತೆ ವೀಣಾಳನ್ನು ಎತ್ತಿ ಹಿಡಿದರು. “ಇಂವನ ಕೈ ಬಿಚ್ಚರಿ. ನನ್ನ ಮೊಮ್ಮಗಳನ್ನ ಎತಗೋತಾನ.”

ನಾನು ತಾಯಿ. ‘ಬೇಡ’ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅದು ಗುಂಪಿಗೆ ಅಂಜಿ ಬಂದ ಮಾತೋ, ಅವನಿಗೆ ಅಂಜಿ ಬಂದದ್ದೋ, ಇಂದಿಗೂ ನನಗೆ ತಿಳಿಯದು. ಕೊನೆಗೆ ಆ ಮಗುವಿನ ತಾಯಿಯೇ ತನ್ನ ಕೂಸನ್ನು ಸೊಂಟಕ್ಕೇರಿಸಿಕೊಂಡು, “ಬಿಚ್ಚರಿ,” ಎಂದಳು. “ನನ್ನ ಕೂಸ ನನ್ನ ಕಡೆ ಐತಿ. ಬಿಚ್ಚರಿ.”

ಹಗ್ಗ ಬಿಚ್ಚಿದರು. ಅತ್ತೆ ವೀಣಾಳನ್ನು ಅವನ ಕೈಗಿತ್ತರು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಎಲ್ಲಿ ಕೂಸನ್ನು ಬೀಳಿಸುತ್ತಾನೋ ಎಂದು ಅತ್ತೆ ಕೆಳಗೆ ತಮ್ಮ ಕೈಗಳನ್ನೂ ಆನಿಸಿ ನಿಂತರು. ಹಾಗೆಯೇ, ಒಂದು ಮಗುವಿಗೆ ನಾಲ್ಕು ಕೈಯಾಗಿ, ಜನರ ನಡುವಿನಿಂದ ಟೆಂಪೊದವರೆಗೆ ನಡೆದರು.

ಅವನು ಊರು ಬಿಟ್ಟು ಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಲಿಲ್ಲ. ಅವನಿಗೆ ಇದಕ್ಕಿಂತ ಅಗ್ಗದ ಸೀಟು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಓದು ಮುಗಿಸದೆ ಮನೆಗೆ ಮರಳುವುದು ಬೇವಿನ ಮರಕ್ಕಿಂತ ದೊಡ್ಡ ಭಯವಾಗಿತ್ತು. ಕಾಲೇಜಿಗೆ ಹೋಗುವಾಗ ಬರುವಾಗ ಗೋಡೆಯ ಮಗ್ಗುಲಿಗೇ ನಡೆಯುತ್ತಿದ್ದ. ಸೈಕಲ್ ಮುಟ್ಟಲಿಲ್ಲ. ಪರೀಕ್ಷೆ ಮುಗಿಸಿ, ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ. ಅಗ್ಗದ ಓದು ಎನ್ನುತ್ತೇವೆ ನಾವು. ಅದರ ಉಳಿದ ಬೆಲೆಯನ್ನು ಯಾವ ಕಾಲೇಜಿನ ಕೌಂಟರಿನಲ್ಲೂ ಕೇಳುವುದಿಲ್ಲ, ಅದನ್ನು ಮೈಯಿಂದಲೇ ತೆರಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ವೀಣಾ ಡಾಕ್ಟರಾಗುತ್ತೇನೆಂದು ಹಟ ಹಿಡಿದಳು. ಇಲ್ಲಿ ಸೀಟು ದಕ್ಕಲಿಲ್ಲ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ರಷ್ಯಾದಲ್ಲಿ ಅಗ್ಗಕ್ಕೆ ಕಲಿಸುತ್ತಾರೆಂದು ಏಜೆಂಟನೊಬ್ಬ ಬಂದು ನಿಪ್ಪಾಣಿಯಲ್ಲಿ ತಂದೆತಾಯಂದಿರ ಸಭೆ ಮಾಡಿದ. ಕಾಗವಾಡದವರು ಊಟದ ವಿಚಾರ ಕೇಳಿದರು, ರಾಯಬಾಗದವರು ಚಳಿಯ ವಿಚಾರ ಕೇಳಿದರು. ಎಲ್ಲ ಪ್ರಶ್ನೆಗೂ ಅವನಲ್ಲಿ ಉತ್ತರವಿತ್ತು. ಕೊನೆಗೆ ನಾನು ಎದ್ದು ನಿಂತೆ.

“ಅಲ್ಲಿ ಯಾರರೆ ನನ್ನ ಮಗಳನ್ನ ಹಿಡಕೊಂಡ ನಿಂತ್ರ, ಓಡಿ ಬರಾಕ ಯಾರ ಅದಾರ್ರಿ?”

“ಎಂಬಸಿ ಐತಲ್ರೀ ಮೇಡಂ,” ಎಂದ.

ಸಭೆ ನಕ್ಕಿತು, ವೀಣಾಳೂ ನಕ್ಕಳು. ಆ ಚಳಿಗಾಲದ ಹೊತ್ತಿಗೆ ಅವಳು ಹೋಗಿಯೂ ಬಿಟ್ಟಳು. ಆದರೆ ಅವತ್ತು ನಾನು ಕುರ್ಚಿಯಲ್ಲಿ ಕೂತು ಒಂದನ್ನೇ ಯೋಚಿಸುತ್ತಿದ್ದೆ: ಅತ್ತೆ ಅಂಜುತ್ತಲೇ ಟೆಂಪೊ ಹತ್ತಿದ್ದರು. ಎಂಬಸಿಯೆಂಬ ಕಚೇರಿಗೆ ಅಂಜಿಕೆಯಿರುವುದಿಲ್ಲ. ಅಂಜಿಕೆಯಿಲ್ಲದವರು ಯಾರಿಗಾಗಿಯೂ ಓಡಿ ಬರುವುದಿಲ್ಲ.