ಹಿಮ್ಮೇಳಕ್ಕೆ ಕೂತ ಕಾಕಾ

ಮೂಡಲಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಮೊನ್ನೆ ಪಾಠದಲ್ಲಿ ‘ಬ್ರೇಕ್‌ಅವೇ’ ಎಂಬ ಪದ ಬಂತು. ಇದ್ದ ಗುಂಪಿನ ಮೇಲೆ ಮುನಿಸಿಕೊಂಡು ಹೊರಬಂದು, ತಮ್ಮದೇ ಬಣ ಕಟ್ಟಿಕೊಂಡವರನ್ನು ಹಾಗೆನ್ನುತ್ತಾರೆ ಎಂದೆ. ಹಾಗಾದರೆ ಗೋಕಾಕದಿಂದ ಬೇರೆಯಾಗಿ ತಾಲೂಕಾದ ನಮ್ಮ ಮೂಡಲಗಿಯೂ ಅದೇನಾ ಎಂದು ಒಬ್ಬ ಹುಡುಗಿ ಕೇಳಿದಳು. ಅಲ್ಲ, ಅದನ್ನು ಸರಕಾರ ಬೇರೆ ಮಾಡಿದ್ದು, ಈ ಪದಕ್ಕೆ ಒಂದಿಷ್ಟು ಸಿಟ್ಟು ಬೇಕು ಎಂದೆ. ಅರ್ಥವೇನೋ ಸರಿಯೇ. ಆದರೆ ಅದು ಬಿಟ್ಟು ಬಂದವರ ಸಿಟ್ಟನ್ನಷ್ಟೇ ಹೇಳುತ್ತದೆ, ಅಲ್ಲೇ ಉಳಿದವರ ಮನಸ್ಸನ್ನು ಹೇಳುವುದಿಲ್ಲ. ನನಗೆ ಕಾಕಾ ನೆನಪಾದರು.

ಕಾಕಾ ನನ್ನ ಅಪ್ಪನ ತಮ್ಮ. ನಮ್ಮೂರು ಕಲ್ಲೋಳಿಯಲ್ಲಿ ಅವರದೊಂದು ಭಜನಾ ಮೇಳ. ಗಂಡಸರು ಮುಂದೆ ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುವುದು, ನಾವು ಹೆಂಗಸರು ಹಿಂದೆ ಕೂತು ಅದೇ ಸಾಲನ್ನು ತಿರುಗಿ ಹೇಳುವುದು. ನನಗೆ ಪೇಟಿ, ಪದ ಎಲ್ಲ ಕಲಿಸಿದವರು ಅವರೇ. ಇಷ್ಟು ಕಲಿಸಿ ಮತ್ತೆ ಹಿಂದೆಯೇ ಕೂಡು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಹೋದ ಶ್ರಾವಣದಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಬೇರೆ ಮೇಳ ಕಟ್ಟಿದೆ. ಊರು ಆಡಿಕೊಂಡಿತು, ಕಾಕಾನ ಮೇಳ ಒಡೆದವಳು ಎಂದು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಲಿ? ನನ್ನ ಹೆದರಿಕೆ ಒಂದೇ, ಕಾಕಾ ನನ್ನ ಕೂಡ ಮಾತು ಬಿಟ್ಟರೆ ಹೇಗೆ ಎಂಬುದು.

ಅದೇ ಶ್ರಾವಣದ ಒಂದು ಸೋಮವಾರ ಗುಡಿಯಲ್ಲಿ ನಮ್ಮ ಮೊದಲ ಭಜನೆ. ನಾನು ಪೇಟಿಯ ಮುಂದೆ ಕೂತಿದ್ದೆ. ಕಾಕಾ ಬಂದರು. ಜನ ಸರಿದು ಮುಂದೆ ಜಾಗ ಮಾಡಿಕೊಟ್ಟರು. ಅಲ್ಲಿ ಕೂರದೆ ಅವರು ನೆಟ್ಟಗೆ ಹೋಗಿ ನಮ್ಮ ಹಿಮ್ಮೇಳದವರ ಬಾಜೂ ಕೂತು ತಾಳ ಕೈಗೆತ್ತಿಕೊಂಡರು. ನಾನು ಹಾಡಿದ ಸಾಲನ್ನು ಅವರು ತಿರುಗಿ ಹೇಳಿದರು. ಆ ದನಿ ಹಿಂದಿನಿಂದ ಬಂದದ್ದೇ ತಡ, ನಾನು ಪೇಟಿ ನಿಲ್ಲಿಸಿಬಿಟ್ಟೆ. ಮುಂದಿನ ಸಾಲು ಏಳಲೇ ಇಲ್ಲ.

ಎಲ್ಲರೂ ಕಾಕಾನ ಮುಖ ನೋಡಿದರು. ಅವರು ಮುಂದಿನ ಸಾಲು ಎತ್ತಿಕೊಂಡು ಹಾಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಅವತ್ತಿನಿಂದ ಅದು ಅವರದೇ ಮೇಳ ಆಗಿಬಿಡುತ್ತಿತ್ತು. ಅವರು ಎತ್ತಿಕೊಳ್ಳಲಿಲ್ಲ. ತಾಳ ಬಿಡದೆ, ನಾನು ಹಾಡಿದ ಸಾಲನ್ನೇ ಮತ್ತೆ ಮತ್ತೆ ಹೇಳುತ್ತ ಕಾದರು. ನನಗೆ ಅದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ. ನಾನು ತಿರುಗಿ ನೋಡಿದಾಗ, ಹಾಡಿನ ನಡುವೆಯೇ ಇಷ್ಟು ಅಂದರು:

“ಅವಸರ ಇಲ್ಲ ಯವ್ವಾ. ನೀ ಮುಂದಿಂದು ಎತ್ತೂತನಕ ನಾವು ಇದನ್ನ ಹಾಡ್ತೀವಿ.”