ಅತ್ತೆ ಒಬ್ಬಳೇ, ಗೆರೆ ಎರಡು

ನನ್ನ ಸೋದರತ್ತೆಯೇ ನನ್ನ ಅತ್ತೆ. ಅಪ್ಪನ ಅಕ್ಕನ ಹಿರಿಯ ಮಗನನ್ನು ನಾನು ಮದುವೆಯಾಗಿದ್ದೇನೆ. ಅಂಕಲಿಯ ತವರಿನಿಂದ ಉಗಾರ ಖುರ್ದದ ಈ ಮನೆಗೆ ಬಂದಾಗ ನನಗೆ ಹೊಸದು ಅಂತ ಅನಿಸಿದ್ದು ಏನೂ ಇರಲಿಲ್ಲ. ಮದುವೆಯ ಹಿಂದಿನ ದಿನದವರೆಗೆ ಅತ್ತೆಯನ್ನು ‘ನೀ’ ಅನ್ನುತ್ತಿದ್ದವಳು ಮರುದಿನದಿಂದ ‘ನೀವು’ ಅನ್ನತೊಡಗಿದೆ, ಅಷ್ಟೇ.

ಹೋದ ವರ್ಷ ಅತ್ತೆಗೆ ನನ್ನ ತಂಗಿಯೂ ಬೇಕು ಅನಿಸಿತು, ಮೈದುನನಿಗೆ. ತಂಗಿ ಚಿಕ್ಕೋಡಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಸುದ್ದಿ ಕಿವಿಗೆ ಬಿದ್ದ ದಿನವೇ ನನಗೆ ಫೋನ್ ಮಾಡಿ, “ಅಕ್ಕಾ, ನಾ ಮುಂದ ಓದಬೇಕು. ನೀ ಹೆಂಗರ ಮಾಡಿ ಇದನ್ನ ತಪ್ಪಸು” ಅಂದಳು. ತಪ್ಪಿಸುತ್ತೇನೆ ಅಂದೆ. ಮೈದುನ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಎಷ್ಟೋ ಸುಲಭವಿತ್ತು.

ಓದುವ ಹುಚ್ಚು ನನಗೂ ಇತ್ತು. ಅಥಣಿಯಲ್ಲಿ ಸಮಾಜಶಾಸ್ತ್ರದಲ್ಲಿ ಬಿ.ಎ. ಮುಗಿಸಿದ್ದೆ. ಎಂ.ಎ. ಮಾಡಬೇಡ ಅಂತ ಈ ಮನೆಯಲ್ಲಿ ಯಾರೂ ಅನ್ನಲಿಲ್ಲ. ದೀಪಾವಳಿ ಆಗಲಿ, ಸುಗ್ಗಿ ಆಗಲಿ, ಕೂಸು ದೊಡ್ಡದಾಗಲಿ ಅಂದರು. ಒಮ್ಮೆ ಸಿಟ್ಟು ನೆತ್ತಿಗೇರಿ, ಕೂಸನ್ನು ಎತ್ತಿಕೊಂಡು ಅಂಕಲಿಯ ಬಸ್ಸು ಹತ್ತಿದ್ದೆ. ನಾನು ಮುಟ್ಟುವುದರೊಳಗೆ ಅತ್ತೆಯ ಫೋನ್ ಮುಟ್ಟಿತ್ತು. ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಮೆಲ್ಲಗೆ ಹೇಳಿದ: “ಅಕಿ ನನ್ನ ಅಕ್ಕ. ನನ್ನ ಎತ್ತಿ ಆಡಿಸಿದಾಕಿ. ಅಕಿ ಮ್ಯಾಲ ನನ್ನ ಮುಂದ ದೂರ ಹೇಳಬ್ಯಾಡವಾ.” ಬೈಯಲಿಲ್ಲ, ಏನಾಯಿತು ಅಂತ ಕೇಳಲೂ ಇಲ್ಲ. ಅವ್ವ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಟ್ಟಳು, ಸಂಜೆಯ ಬಸ್ಸಿಗೆ ನಾನು ವಾಪಸು ಬಂದೆ. ಬೇರೆ ಹೆಣ್ಣುಮಕ್ಕಳಿಗೆ ಜಗಳಾಡಿ ಹೋಗಲು ತವರಾದರೂ ಇರುತ್ತದೆ. ನನಗೆ ಎರಡೂ ಒಂದೇ ಮನೆಯಾಗಿತ್ತು.

ಆಮೇಲೆ ಸಿಕ್ಕಿದ್ದು ಆನ್‌ಲೈನ್ ತರಗತಿ. ಬೇರೆ ಬೇರೆ ದೇಶದವರು ಕೂಡಿ ಸಮಾಜ ವಿಜ್ಞಾನ ಓದುವುದು. ಒಂದೇ ವಿಷಯವನ್ನು ಪ್ರತಿಯೊಬ್ಬರೂ ತಮ್ಮ ಊರಿನ ಕಣ್ಣಿನಿಂದ ನೋಡಿ ಹೇಳುವುದು. “ಕುಂತಲ್ಲೇ ಓದೂದಾದ್ರ ಓದವಾ, ಯಾರ ಬ್ಯಾಡ ಅಂತಾರ” ಅಂದರು ಅತ್ತೆ. ಹಾಗೆ ಕುಂತಲ್ಲೇ ಓದತೊಡಗಿದೆ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೆಟ್ಟಿಲ ಮೇಲೆ ಮಾತ್ರ. ಮೇಲೆ ನೀರಿನ ಟಾಕಿ, ಕೆಳಗೆ ಅಡಿಗೆಮನೆ, ನಡುವೆ ನಾನು ಮತ್ತು ಮೊಬೈಲಿನಲ್ಲಿ ಇಡೀ ಜಗತ್ತು. ಬ್ರೆಜಿಲಿನವಳು ಪಾಠ ಕೇಳುತ್ತ ಸಮುದ್ರದ ದಂಡೆಯಲ್ಲಿ ಅಡ್ಡಾಡುತ್ತಿದ್ದಳು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಕುಟುಂಬದ ಪಾಠ ಬಂದಾಗ ಎಲ್ಲರೂ ತಮ್ಮ ವಂಶವೃಕ್ಷ ಬರೆದು ತೋರಿಸಬೇಕಿತ್ತು. ಅದಕ್ಕೆಂದು ಒಂದು ಆ್ಯಪ್ ಕೊಟ್ಟಿದ್ದರು. ಅತ್ತೆಯನ್ನು ಅಪ್ಪನ ಅಕ್ಕ ಅಂತ ಒಂದು ಕಡೆ ಹಾಕಿದೆ. ಗಂಡನ ತಾಯಿ ಅಂತ ಇನ್ನೊಂದು ಗೆರೆ ಎಳೆಯಲು ಹೋದರೆ ಅದು ಒಲ್ಲೆ ಅಂದಿತು. ಒಬ್ಬಳನ್ನೇ ಎರಡು ಕಡೆಯಿಂದ ಜೋಡಿಸಲು ಅದಕ್ಕೆ ಬರುತ್ತಿರಲಿಲ್ಲ. ಕೊನೆಗೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಕೈಯಿಂದಲೇ ಬರೆದು ಫೋಟೋ ಕಳಿಸಿದೆ. ಉಳಿದವರ ಮರಗಳು ಕೆಳಗಿಳಿಯುತ್ತ ಅಗಲವಾಗುತ್ತಿದ್ದವು. ನನ್ನದು ಜಡೆ ಹೆಣೆದ ಹಾಗೆ ಮತ್ತೆ ಮತ್ತೆ ಒಳಗೇ ಬರುತ್ತಿತ್ತು.

ತುರ್ಕಿಯವಳು ತನ್ನ ಅಜ್ಜಿಯದೂ ಹೀಗೇ ಮದುವೆ ಅಂದಳು. ನೈಜೀರಿಯಾದವನು, ನಮ್ಮಲ್ಲಿ ಹೀಗೆ ಮಾಡಿದರೆ ಊರ ಹಿರಿಯರು ಹೊಸ್ತಿಲು ತುಳಿಯಲು ಬಿಡುವುದಿಲ್ಲ ಅಂದ. ಅದನ್ನೂ ಸಹಿಸಿದೆ. ಆದರೆ ನಾರ್ವೆಯವಳು, ‘ಅಯ್ಯೋ ಪಾಪ, ನಿನ್ನನ್ನು ಬಲವಂತ ಮಾಡಿದರಾ?’ ಎಂದು ಬರೆದಳು. ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯನ್ನು ನಾನು ಬೈಯಬಹುದು, ಅವಳು ಯಾರು? ಹಾಗೇನೂ ಇಲ್ಲ ಅಂತ ಬರೆದೆ. ಮೇಷ್ಟ್ರು, ಹಾಗಿದ್ದರೆ ಮುಂದಿನ ತರಗತಿಯಲ್ಲಿ ನೀನೇ ಮಾತಾಡು ಅಂದರು.

ಇಂಗ್ಲಿಷಿನಲ್ಲಿ ನನಗೆ ನೇರವಾಗಿ ಸಿಟ್ಟು ಬರುವುದಿಲ್ಲ. ಮೊದಲು ಕನ್ನಡದಲ್ಲಿ ಮಾತಾಡಿ ನೋಡಬೇಕು. ಮೆಟ್ಟಿಲ ಮೇಲೆ ನಿಂತು ದೊಡ್ಡ ದನಿಯಲ್ಲೇ ಶುರು ಮಾಡಿದೆ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಊದಿದವಳು ಇವಳೇ, ಹೆಸರಿಟ್ಟ ಅತ್ತೆಗೆ ಗುದ್ದುವ ಶಾಸ್ತ್ರದಲ್ಲಿ ನನ್ನ ಸಲುವಾಗಿ ಎಲ್ಲರಿಂದ ಬೆನ್ನಿಗೆ ಗುದ್ದು ತಿಂದವಳು ಇವಳೇ ಅಂದೆ. ಗುರುತಿಲ್ಲದ ಮನೆಗೆ ಹೋಗಿ ಹೆದರುವ ಕಷ್ಟ ನನಗೆ ಬರಲಿಲ್ಲ ಅಂದೆ. ಹೊಲ ಒಡೆಯಲಿಲ್ಲ, ಅಕ್ಕ ತಮ್ಮ ದೂರವಾಗಲಿಲ್ಲ ಅಂದೆ. ಹೇಳುತ್ತ ಹೇಳುತ್ತ ನನಗೇ ಹೌದಲ್ಲ ಅನಿಸಿತು. ಕೆಳಗೆ ಅತ್ತೆ ಮೆಂತೆಪಲ್ಲೆ ಸೋಸುತ್ತ ಕುಳಿತಿದ್ದರು. ಊರಿನ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿದಾಗ ನಾನು ನಿಲ್ಲಿಸಿದೆ, ಅವರು ತಲೆ ಎತ್ತಲಿಲ್ಲ.

ತರಗತಿಯಲ್ಲಿ ಮಾತು ಭೇಷ್ ಆಯಿತು. ನಾರ್ವೆಯವಳು ಕ್ಷಮೆ ಕೇಳಿದಳು. ಎದೆ ಉಬ್ಬಿಸಿಕೊಂಡು ಕೆಳಗಿಳಿದರೆ ಅತ್ತೆ ಅಂಕಲಿಗೆ ಫೋನ್ ಹಚ್ಚಿದ್ದರು. “ತಮ್ಮಾ, ನಿನ್ನ ಹಿರೇ ಮಗಳು ಪರದೇಶದವರ ಮುಂದ ಏನೇನ ಹೇಳ್ಯಾಳ ಗೊತ್ತೈತೇನ? ಎಲ್ಲಾ ಬರೋಬರಿ ಹೇಳ್ಯಾಳ. ಇನ್ನ ಸಣ್ಣಾಕೀದ ಏನ ವಿಚಾರ ಮಾಡತಿ?” ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೊರಗಿನವರಿಗೆ ಕೊಟ್ಟ ಉತ್ತರ ಮನೆಯೊಳಗೆ ಒಪ್ಪಿಗೆಯಾಗಿ ಹೋಗಿತ್ತು.

ಮುಂದಿನ ವಾರ ಮೇಷ್ಟ್ರು ಎಲ್ಲರಿಗೂ, ನೀವು ಹಿಡಿದ ಪಕ್ಷಕ್ಕೆ ಎದುರಾಗಿ ನೀವೇ ವಾದ ಮಾಡಿ ಅಂದರು. ನಾನು ಮತ್ತೆ ಮೆಟ್ಟಿಲ ಮೇಲೆ ತಾಲೀಮಿಗೆ ನಿಂತೆ. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. “ಕನ್ನಡದಾಗ ಹೇಳವಾ, ನಾನೂ ಕೇಳತೀನಿ. ಹೋದ ಸಲ ಚಂದ ಹೇಳಿದ್ದಿ.”

ಓಡಿಹೋಗಲು ಮೇಲೆ ಟಾಕಿ ಬಿಟ್ಟರೆ ಏನಿದೆ? ಹೇಳಿಯೇ ಬಿಟ್ಟೆ. ಬುತ್ತಿ ಕಟ್ಟಿಸಿಕೊಂಡು ವಾಪಸು ಬಂದ ದಿನದ್ದನ್ನೆಲ್ಲ ಹೇಳಿದೆ. ನನ್ನ ನೋವು ಕೇಳುವವರು ಯಾರೂ ಇಲ್ಲ, ಯಾಕೆಂದರೆ ಎಲ್ಲರೂ ನಿಮ್ಮವರೇ ಅಂದೆ.

ಅತ್ತೆ ಅಕ್ಕಿಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದರು. “ನಿನಗ ತವರಮನಿ ಇಲ್ಲ ಅಂತಿ. ನೀ ಬಂದಾಗಿಂದ ನನಗರ ಎಲ್ಲೈತಿ? ಮೊದಲ ತಮ್ಮನ ಮನ್ಯಾಗ ಒಲಿ ಮುಂದ ಕುಂತ ಉಣತಿದ್ನಿ. ಈಗ ಹೋದ್ರ ಬೀಗತಿ ಅಂತ ಚಾಪಿ ಹಾಸಿ ತಾಟ ಇಡತಾರ. ನಿನ್ನವ್ವ ಮಾತ ಸಹಿತ ಅಳದ ಸುರದ ಆಡತಾಳ.”

“ಹಂಗಾದ್ರ ತಂಗೀನ ಬಿಡ್ರಿ ಅತ್ತಿ.”

“ಅಕಿ ಬಾಯಿಲೇ ಒಲ್ಲೆ ಅನ್ನಲಿ. ಬಿಡತೀನಿ” ಅಂದರು, ಮುಖ ನೋಡದೆ.

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೆರಡು ಮೆಟ್ಟಿಲು ಹತ್ತಿ ತಂಗಿಗೆ ಫೋನ್ ಮಾಡಿದೆ. ಅತ್ತಿ ಒಪ್ಪ್ಯಾರ, ನೀ ಒಲ್ಲೆ ಅಂದ್ರ ಸಾಕು, ಈಗ ಅನ್ನು, ಫೋನ್ ಅವರ ಕೈಯಾಗ ಕೊಡತೀನಿ ಅಂದೆ.

ಅವಳು ಕೇಳಿದಳು: “ನಾ ಒಲ್ಲೆ ಅಂದ್ರ ಅಪ್ಪಗೂ ಅತ್ತಿಗೂ ಮಾತ ಬಿಡ್ತಾವು. ನೀ ಆ ಮನ್ಯಾಗ ಹೆಂಗ ಇರತಿ ಅಕ್ಕಾ?”

“ನಂದೇನ ಆಗಂಗಿಲ್ಲ. ನೀ ಅನ್ನು.”

“ಏನರ ಆತಂದ್ರ ಯಾರ ಮುಂದ ಹೇಳತಿ? ಅಪ್ಪನ ಮುಂದ?”

ಅಂದು ಅವ್ವ ಬುತ್ತಿ ಕಟ್ಟುವಾಗ ಅವಳೂ ಅಲ್ಲೇ ಇದ್ದಳೆಂಬುದು ನನಗೆ ಆಗ ನೆನಪಾಯಿತು. ಕೆಳಗಿನಿಂದ ಅತ್ತೆ, “ಏನಂದಳ?” ಅಂತ ಕೇಳುತ್ತಿದ್ದರು. ಆ ದನಿ ತಂಗಿಗೂ ಕೇಳಿಸಿರಬೇಕು.

“ಮದವಿ ಸೀರಿ ನಿಪ್ಪಾಣ್ಯಾಗ ತಗೊಳೂದು ಅಂತ ಹೇಳು,” ಅಂದಳು. “ನಾನೂ ಬರತೀನಿ.”